ಹುಸೇನರಿಗೆ ಮುಖ ಬರೀಲಿಕ್ಕೆ ಬರ್ತಿತ್ತಾ?

ಪಿಕಾಸೋನನ್ನು ಬೈಯಲು ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರು ಬಹಳ ಪ್ರಶಸ್ತವಾದ ಹೊತ್ತು. ತಿಂಡಿ ಆಗಿರುತ್ತದೆ, ಊಟಕ್ಕೆ ಇನ್ನೂ ಮನೆಯಿಂದ ಫೋನ್ ಬಂದಿರುವುದಿಲ್ಲ, ಜಲವರ್ಣದಲ್ಲಿ ಬಳಿದ ಆಕಾಶ ಒಣಗಬೇಕಾಗಿರುತ್ತದೆ. ಅದು ಒಣಗುವಷ್ಟರಲ್ಲಿ ನಮ್ಮ ಹವ್ಯಾಸಿ ಚಿತ್ರಕಾರರ ಬಳಗ ಇಪ್ಪತ್ತನೆಯ ಶತಮಾನದ ಕಲೆಯನ್ನೆಲ್ಲ ವಿಚಾರಿಸಿಕೊಂಡುಬಿಡುತ್ತದೆ.

ಬಳಗವೆಂದರೆ ದೊಡ್ಡದೇನಲ್ಲ. ರಿಟೈರಾದ ಬ್ಯಾಂಕ್ ಮ್ಯಾನೇಜರು, ಸಿವಿಲ್ ಇಂಜಿನಿಯರು, ಹಲ್ಲಿನ ಡಾಕ್ಟರು, ರಂಗೋಲಿ ಸ್ಪರ್ಧೆಗಳಲ್ಲಿ ಸ್ಟೀಲ್ ಡಬ್ಬಿ ಗೆದ್ದೂ ಗೆದ್ದೂ ಬೇಸರವಾಗಿ ಕ್ಯಾನ್ವಾಸಿಗೆ ಬಂದ ಮೇಡಂ, ಉಡುಪಿ ಕಡೆಯ ಮೇಷ್ಟ್ರು, ಮತ್ತೆ ನಾನು. ಲಾಲ್‌ಬಾಗಿನಲ್ಲೋ ಕಬ್ಬನ್ ಪಾರ್ಕಿನಲ್ಲೋ ಕೂತು ಬರೆಯುತ್ತೇವೆ. ಮಳೆ ಬಂದರೆ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿಗೆ, ಅಂದರೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ನುಗ್ಗುತ್ತೇವೆ. ಮಳೆಗಾಲದಲ್ಲಿ ನಮ್ಮ ಕಲಾವಿಮರ್ಶೆ ಸ್ವಲ್ಪ ಹರಿತವಾಗುವುದು ಅದಕ್ಕೇ.

ಒಬ್ಬೊಬ್ಬರೂ ಜೀವಮಾನವಿಡೀ ಮಾಡಿದ ಕೆಲಸದ ಕನ್ನಡಕವನ್ನೇ ಹಾಕಿಕೊಂಡು ಚಿತ್ರ ನೋಡುತ್ತಾರೆ. ಚಿತ್ರಕಾರ ರಜಾ ಅವರ ಬಿಂದುವಿನ ಎದುರು ರಂಗೋಲಿ ಮೇಡಂ ಬಹಳ ಹೊತ್ತು ನಿಂತರು. ಚಿಕ್ಕಂದಿನಲ್ಲಿ ಹುಡುಗನ ಚಂಚಲ ಮನಸ್ಸು ನಿಲ್ಲಲೆಂದು ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕಿ ಇಟ್ಟು ನೋಡುತ್ತಾ ಕೂರು ಎಂದಿದ್ದರಂತೆ, ಅದೇ ಮುಂದೆ ಬಿಂದುವಾಯಿತು ಎಂದು ನಾನು ವಿವರಿಸಿದೆ. ಮೇಡಂ ತಲೆಯಾಡಿಸಿ, "ಅದು ಸರಿ ರೀ. ಚುಕ್ಕಿ ಇಟ್ಟ ಮೇಲೆ ಗೆರೆ ಎಳೆಯೋರು ಯಾರು? ಒಳಗೆ ಹಾಲು ಉಕ್ಕಿತು ಅಂತ ಎದ್ದು ಹೋಗಿರಬೇಕು" ಅಂದರು.

ಇಂಜಿನಿಯರ್ ಸಾಹೇಬರಿಗೆ ಗಾಯ್ತೊಂಡೆ ಚಿಂತೆಗೀಡುಮಾಡಿದರು. ಗಾಯ್ತೊಂಡೆ ರೋಲರು, ಪ್ಯಾಲೆಟ್ ಚಾಕು ಹಿಡಿದು ಪದರದ ಮೇಲೆ ಪದರ ಬಣ್ಣ ಹಾಕಿ, ಒಳಗಿಂದ ಬೆಳಕು ಬಂದ ಹಾಗೆ ಮಾಡುತ್ತಿದ್ದವರು. ಮೊಬೈಲಿನಲ್ಲಿ ಅವರ ಚಿತ್ರವನ್ನು ಹಿಗ್ಗಿಸಿ ನೋಡಿ ಸಾಹೇಬರು ಸೈಟ್ ಇನ್‌ಸ್ಪೆಕ್ಷನ್ನಿನ ದನಿಯಲ್ಲೇ ಹೇಳಿದರು: "ತೇವ. ಹಿಂದುಗಡೆ ಬಾತ್‌ರೂಮ್ ಇರಬೇಕು." ಗಾಯ್ತೊಂಡೆಯವರದೊಂದು ಚಿತ್ರ 2013ರಲ್ಲಿ ಮುಂಬಯಿ ಹರಾಜಿನಲ್ಲಿ 23.7 ಕೋಟಿಗೆ ಹೋಯಿತು ಎಂದೆ. "ಅಷ್ಟು ದುಡ್ಡಿಗೆ ವಾಟರ್‌ಪ್ರೂಫಿಂಗ್ ಸೇರಿಸಿಯೇ ಕೊಡಬೇಕಿತ್ತು."

ಇದೇ ಸಾಹೇಬರು 2022ರಲ್ಲಿ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ. ಮಾಂಡ್ರಿಯಾನ್ ಬಣ್ಣದ ಟೇಪು ಅಂಟಿಸಿ ಮಾಡಿದ 'ನ್ಯೂಯಾರ್ಕ್ ಸಿಟಿ 1' ಎಂಬ ಚಿತ್ರವನ್ನು ಜರ್ಮನಿಯ ಡುಸೆಲ್‌ಡಾರ್ಫಿನ ಮ್ಯೂಸಿಯಂ ದಶಕಗಳಿಂದ ತಲೆಕೆಳಗಾಗಿ ನೇತುಹಾಕಿರುವಂತಿದೆ ಎಂಬ ಸುದ್ದಿ ಬಂದದ್ದು ಆಗಲೇ. ಚಿತ್ರಕಾರನ ಸ್ಟುಡಿಯೋದ ಹಳೆಯ ಫೋಟೋದಲ್ಲಿ ಅದು ಇನ್ನೊಂದು ದಿಕ್ಕಿಗೆ ನಿಂತಿದೆ. ಈಗ ತಿರುಗಿಸಿದರೆ ಟೇಪು ಕಿತ್ತುಬಂದೀತೆಂದು ಹಾಗೇ ಬಿಟ್ಟಿದ್ದಾರೆ. "ನಾನು ಮೊದಲೇ ಹೇಳಿರಲಿಲ್ಲವೇ?" ಎಂದು ಸಾಹೇಬರು ಎಲ್ಲರನ್ನೂ ಕೇಳಿದರು. ಅವರು ಯಾವತ್ತೂ ಹೇಳಿರಲಿಲ್ಲ.

ನನ್ನ ಮಗುವೂ ಇದನ್ನು ಮಾಡುತ್ತೆ ಎಂಬ ಜಗತ್ಪ್ರಸಿದ್ಧ ವಾದವನ್ನು ಮ್ಯಾನೇಜರು ಪರೀಕ್ಷೆಗೇ ಒಡ್ಡಿದರು. ಜಾಕ್ಸನ್ ಪೊಲಾಕ್ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಸುತ್ತ ಓಡಾಡುತ್ತ, ಕಡ್ಡಿಯಿಂದ ಬಣ್ಣ ಸುರಿಸುತ್ತಿದ್ದನಷ್ಟೆ? ಅವರೂ ಟೆರೇಸಿನ ಮೇಲೆ ಹಳೇ ಬೆಡ್‌ಶೀಟು ಹಾಸಿ, ಮೊಮ್ಮಗನ ಕೈಗೆ ಏಷ್ಯನ್ ಪೇಂಟ್ಸ್ ಡಬ್ಬ ಕೊಟ್ಟು, ಹೇಗೆ ಬೇಕಾದರೂ ಚೆಲ್ಲು ಮಗಾ ಎಂದರು. ಹುಡುಗ ಚೆಲ್ಲಲಿಲ್ಲ. ನಾಲಿಗೆ ಹೊರಗೆ ಹಾಕಿ, ಬಹಳ ಶ್ರದ್ಧೆಯಿಂದ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲಿ ಗುಡಿಸಲು, ತೆಂಗಿನ ಮರ, ಮೇಲೆ ಅಡ್ಡ ಮಲಗಿದ ಮೂರರಂಥ ಹಕ್ಕಿಗಳನ್ನು ಬರೆದ. ಡ್ರಾಯಿಂಗ್ ಮೇಷ್ಟ್ರು ಆಗಲೇ ತಮ್ಮ ಕೆಲಸ ಮುಗಿಸಿಯಾಗಿತ್ತು. ತಮಾಷೆಯೆಂದರೆ ಮ್ಯಾನೇಜರೂ ಪ್ರತಿ ಭಾನುವಾರ ಬರೆಯುವುದು ಅದನ್ನೇ.

ಹುಸೇನರ ಮೇಲೆ ಅವರ ಆಕ್ಷೇಪ ಇನ್ನೂ ಗಂಭೀರವಾದದ್ದು. "ಮದರ್ ತೆರೇಸಾಗೆ ಮುಖಾನೇ ಇಲ್ಲ ಸಾರ್, ಬರೀ ಸೀರೆ, ನೀಲಿ ಅಂಚು. ಅವರಿಗೆ ಮುಖ ಬರೀಲಿಕ್ಕೆ ಬರ್ತಿತ್ತಾ?" ಇದನ್ನು ಕೇಳುವವರು ಯಾರು ನೋಡಿ! ನಮ್ಮ ಬಳಗದ ಚಿತ್ರಗಳಲ್ಲಿ ಹೆಂಗಸರೆಲ್ಲ ಬೆನ್ನು ತಿರುಗಿಸಿ, ಕೊಡ ಹೊತ್ತು, ಸೂರ್ಯಾಸ್ತದ ಕಡೆಗೇ ನಡೆಯುತ್ತಾರೆ. ಗಂಡಸರು ಗದ್ದೆಯ ಕೆಸರಿನಲ್ಲಿ ಮೊಣಕಾಲವರೆಗೆ ಹೂತಿರುತ್ತಾರೆ, ಪಾದ ಬರೆಯುವ ತಾಪತ್ರಯವಿಲ್ಲ. ಹುಸೇನರು ಹರೆಯದಲ್ಲಿ ಮುಂಬಯಿಯ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು, ಆಳೆತ್ತರದ ಮುಖಗಳನ್ನು ಬರೆದವರು ಎಂದೆ. ಮ್ಯಾನೇಜರು ಯೋಚಿಸಿ, "ಹಾಗಾದ್ರೆ ಬೇಜಾರಾಗಿ ಬಿಟ್ಟಿರಬೇಕು" ಅಂದರು. ವಿಮರ್ಶಕರ ವಿವರಣೆಗಳಿಗಿಂತ ಇದೇ ವಾಸಿ ಅನ್ನಿಸಿತು.

2025ರಲ್ಲಿ ಹುಸೇನರ 'ಗ್ರಾಮ ಯಾತ್ರೆ' ನ್ಯೂಯಾರ್ಕಿನಲ್ಲಿ 118 ಕೋಟಿಗೆ ಹೋದಾಗ ಮಾತ್ರ ಮ್ಯಾನೇಜರ ದನಿ ಮೆತ್ತಗಾಯಿತು. ಹದಿನಾಲ್ಕು ಅಡಿ ಉದ್ದ, ಮೂರಡಿ ಎತ್ತರ. ಅಲ್ಲೇ ಸ್ಕೆಚ್‌ಬುಕ್ಕಿನ ಅಂಚಿನಲ್ಲಿ ಲೆಕ್ಕ ಹಾಕಿದರು: ಚದರಡಿಗೆ ಎರಡೂಮುಕ್ಕಾಲು ಕೋಟಿಗೂ ಮೇಲೆ. "ಸದಾಶಿವನಗರದಲ್ಲೂ ಈ ರೇಟಿಲ್ಲ ಸಾರ್." ಆ ಚಿತ್ರ ದಶಕಗಳ ಕಾಲ ನಾರ್ವೆಯ ಆಸ್ಪತ್ರೆಯೊಂದರ ಸ್ವತ್ತಾಗಿತ್ತೆಂದು ತಿಳಿದದ್ದೇ ತಡ, ಡಾಕ್ಟರು ತಮ್ಮ ಕ್ಲಿನಿಕ್ಕಿನ ಗೋಡೆಯಿಂದ ದವಡೆಯ ಚಾರ್ಟು ಇಳಿಸಿ ಸ್ವಂತ ಚಿತ್ರಗಳನ್ನು ತೂಗುಹಾಕಿದರು. ಪೇಷೆಂಟುಗಳು ಈಗ ಬಾಯಿ ತೆರೆಯುವ ಮೊದಲು ಕಣ್ಣು ಮುಚ್ಚುತ್ತಾರೆ.

ಯಾರ ತಂಟೆಗೂ ಬಾರದ ಉಡುಪಿ ಮೇಷ್ಟ್ರು ಚಿತ್ರಕಾರ ಹೆಬ್ಬಾರರ ಹೆಸರೆತ್ತಿದರೆ ಎದ್ದು ಕೂರುತ್ತಾರೆ. ಹೆಬ್ಬಾರರು ಅವರ ಪಕ್ಕದ ಕಟ್ಟಿಂಗೇರಿಯವರು, ಆದ್ದರಿಂದ ವಿಮರ್ಶೆಗೆ ಅತೀತರು. ಒಂದು ದಿನ ಹೆಬ್ಬಾರರ ರೇಖಾಚಿತ್ರವೊಂದನ್ನು ಎದುರಿಗಿಟ್ಟುಕೊಂಡು ನಾವೆಲ್ಲ ನಕಲು ಮಾಡಲು ಕೂತೆವು. ಕುಣಿಯುವವಳ ಭುಜದಿಂದ ಹೊರಟ ಗೆರೆ ಸೊಂಟದಲ್ಲಿ ತೆಳುವಾಗಿ, ತೊಡೆಯಲ್ಲಿ ತುಂಬಿಕೊಂಡು, ಹಿಮ್ಮಡಿಯಲ್ಲಿ ತಟ್ಟನೆ ತಿರುಗಿ ನಿಂತಿತ್ತು. ನಮ್ಮ ಗೆರೆಗಳೆಲ್ಲ ಮೊಣಕಾಲಿನ ಹತ್ತಿರ ಕೂತು ಸುಧಾರಿಸಿಕೊಂಡವು. ಆ ಭಾನುವಾರ ಪಿಕಾಸೋನನ್ನು ಯಾರೂ ಬೈಯಲಿಲ್ಲ.

ಆದರೆ ಪರಸ್ಪರರ ಚಿತ್ರಗಳ ವಿಷಯದಲ್ಲಿ ನಾವು ಪರಮ ದಯಾಳುಗಳು. 1973ರಲ್ಲೇ ತೀರಿಕೊಂಡ ಪಿಕಾಸೋ ನಾಳೆ ಕಾಫಿ ಬಿಲ್ಲು ಕೊಡಲು ಬರುವುದಿಲ್ಲ, ಮ್ಯಾನೇಜರು ಬರುತ್ತಾರೆ. ಹಾಗಾಗಿ ನಮ್ಮಲ್ಲಿ ಎಲ್ಲವೂ "ಚೆನ್ನಾಗಿ ಬಂದಿದೆ". ತೀರಾ ಕಷ್ಟವಾದಾಗ ಮಾತ್ರ "ಫ್ರೇಮ್ ಚೆನ್ನಾಗಿದೆ".

ಜನವರಿಯ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಗೆ ನೀವು ಬಂದೇ ಬರುತ್ತೀರಿ. ಎರಡು ಗುಡ್ಡ, ನಡುವೆ ಸೂರ್ಯ ಕಂಡರೆ ಅದು ನಮ್ಮ ಮಳಿಗೆ. ನಿಂತು ನೋಡಿ, ಚೌಕಾಸಿ ಮಾಡಿ, ಬೇಕಾದರೆ ನಿಮ್ಮ ಮಗುವೂ ಇದನ್ನು ಬರೆಯುತ್ತೆ ಎನ್ನಿ, ಸಹಿಸಿಕೊಳ್ಳುತ್ತೇವೆ. ಫ್ರೇಮಿನ ಮಾತು ಮಾತ್ರ ದಯವಿಟ್ಟು ಎತ್ತಬೇಡಿ.