‘ಎಲ್ಲಾ ಬೂಸಾ’ ಎನ್ನುವವರಿಗೆ

ಕತೆ, ಕವನ, ಭಾಷಣ, ಬಜೆಟ್ಟು ಯಾವುದನ್ನೇ ಕಂಡರೂ ‘ಎಲ್ಲಾ ಬೂಸಾ’ ಎಂದು ಒಂದೇ ಏಟಿಗೆ ತೀರ್ಪು ಕೊಡುವ ಮಹನೀಯರೇ,

ಎರಡು ಹಸು ಕಟ್ಟಿಕೊಂಡು ಊರ ಡೈರಿಗೆ ಹಾಲು ಹಾಕುವ ನನ್ನಂಥವನಿಗೆ ನಿಮ್ಮ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ನಿಮ್ಮ ಕಡೆ ಬೂಸಾ ಅಷ್ಟು ಧಾರಾಳವಾಗಿ, ಅದೂ ಪುಕ್ಕಟೆ ಸಿಗುತ್ತಿದೆಯಲ್ಲ! ವಿಳಾಸ ಕೊಟ್ಟರೆ ಮೂಟೆ ಹೊರಲು ನಾನೇ ಬರುತ್ತೇನೆ.

ಇಲ್ಲಿ ಹಿಂಡಿ-ಬೂಸಾದ ರೇಟು ಏರಿದಷ್ಟು ಸಲೀಸಾಗಿ ಹಾಲಿನ ರೇಟು ಏರುವುದಿಲ್ಲ. ಅಂಗಡಿಯಲ್ಲಿ ಮೂಟೆಯ ಬಾಯಿ ಬಿಚ್ಚಿಸಿ, ಒಂದು ಹಿಡಿ ತೆಗೆದು ಮೂಗಿಗೆ ಹಿಡಿಯಬೇಕು. ಮುಗ್ಗಲು ವಾಸನೆ ಇದ್ದರೆ ಹಸು ಮೂತಿ ತಿರುಗಿಸುತ್ತದೆ. ಆಮೇಲೆ ಬೆರಳಲ್ಲಿ ಉಜ್ಜಿ ನೋಡಬೇಕು. ಚುಚ್ಚಿತೋ, ಭತ್ತದ ಹೊಟ್ಟು ಬೀಸಿ ಬೆರೆಸಿದ್ದಾರೆ ಅಂತ ಅನುಮಾನಪಡಬೇಕು. ಕೆಲಸಕ್ಕೆ ಬಾರದ ಮಾಲಿಗೆ ಯಾರಾದರೂ ಕಲಬೆರಕೆ ಮಾಡುತ್ತಾರೆಯೇ, ನೀವೇ ಹೇಳಿ.

ಗೋಧಿ ಕಾಳಿನ ತೂಕದಲ್ಲಿ ನೂರಕ್ಕೆ ಸುಮಾರು 14–15 ಪಾಲು ಬೂಸಾ ಎನ್ನುವ ಈ ಸಿಪ್ಪೆಯೇ. ಮೈದಾ ಬೆಳ್ಳಗಿರಲಿ ಎಂದು ಮಿಲ್ಲಿನವರು ಇದನ್ನು ಬೇರೆ ಮಾಡುತ್ತಾರೆ. ಮೈದಾ ನಿಮ್ಮ ಪರೋಟಕ್ಕೆ, ಸತ್ವ ನನ್ನ ಹಸುವಿಗೆ. ಡಾಕ್ಟರು ನಾರಿನಂಶ ತಿನ್ನಿ ಅಂದ ಮೇಲೆ ಅದನ್ನೇ ಚೆಂದದ ಪೊಟ್ಟಣದಲ್ಲಿ ಕೊಂಡು ನೀವೂ ತಿನ್ನುತ್ತಿದ್ದೀರಂತೆ. ನಮ್ಮ ಹಸುಗಳದ್ದೇನೂ ತಕರಾರಿಲ್ಲ.

ಇನ್ನು ಸಾಹಿತ್ಯದ ವಿಚಾರ. ಈ ಪದವನ್ನು ಕೊಟ್ಟಿಗೆಯಿಂದ ಎತ್ತಿ ಸಾಹಿತ್ಯದ ಜಗಲಿಗೆ ತಂದವರು ಬಿ. ಬಸವಲಿಂಗಪ್ಪ. ಅದು 1973ರ ನವೆಂಬರ್. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ತಿಂಗಳು. ದೇವರಾಜ ಅರಸು ಸಂಪುಟದ ಮಂತ್ರಿ ಅವರು, ತಲೆ ಮೇಲೆ ಮಲ ಹೊರಿಸುವುದಕ್ಕೆ ತಡೆ ಹಾಕಿದವರು. ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಎಂಬರ್ಥದ ಮಾತಾಡಿದರು. ಅಷ್ಟಕ್ಕೇ ಜನ ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳಿಗೆ ಹೊಡೆತ ಬಿತ್ತು, ಅವರ ಮಂತ್ರಿಗಿರಿಯೂ ಹೋಯಿತು. ಕುವೆಂಪು ಅವರೇ ಬಸವಲಿಂಗಪ್ಪನವರ ಪರ ನಿಂತಿದ್ದರು. ಪಾಪ, ರಾಜೀನಾಮೆ ಕೇಳೋಣವೆಂದರೆ ಕುವೆಂಪು ಹತ್ತಿರ ಕುರ್ಚಿ ಇರಲಿಲ್ಲ.

ಅದೇ ಮಾತನ್ನು ಇವತ್ತು ನೀವು ವೇದಿಕೆ ಮೇಲೆ ಆಡಿದರೆ ‘ನಿಷ್ಠುರ ವಿಮರ್ಶಕರು’ ಎಂದು ಶಾಲು ಹೊದಿಸುತ್ತಾರೆ. ಆಗ ಕೆರಳಿದ್ದು ಬೂಸಾ ಎಂಬ ಮಾತಿಗೋ, ಅದನ್ನು ಆಡಿದ ಬಾಯಿ ದಲಿತನದು ಎಂಬುದಕ್ಕೋ? ನಾನು ಹಾಲು ಕರೆಯುವವನು, ನನಗೇನು ತಿಳಿದೀತು. ಆ ಗಲಾಟೆಯ ಬಿಸಿಯಲ್ಲೇ ರಾಜ್ಯದ ದಲಿತ ಚಳವಳಿ ಕಾವೇರಿತು, ಹೊಸ ಬರಹಗಾರರು ಬಂದರು ಎಂಬುದಂತೂ ಗೊತ್ತು. ಬೂಸಾ ಬಿದ್ದ ಮೇಲೆ ಹಾಲು ಹೆಚ್ಚಿದ್ದಕ್ಕೆ ನನಗಂತೂ ಆಶ್ಚರ್ಯವಾಗಿಲ್ಲ.

ಬೈಯಲೇಬೇಕೆಂದಿದ್ದರೆ ‘ಜೊಳ್ಳು’ ಇದೆ, ಧಾರಾಳವಾಗಿ ಬಳಸಿ. ತೂರಿದರೆ ಗಾಳಿಗೆ ಹಾರುತ್ತದೆ, ಒಳಗೆ ಕಾಳೇ ಇರುವುದಿಲ್ಲ. ಅದಕ್ಕೆ ರೇಟಿಲ್ಲ, ಗಿರಾಕಿಯೂ ಇಲ್ಲ.

ಅಷ್ಟಾಗಿಯೂ ನಿಮಗೆ ಬೂಸಾವೇ ಬೇಕೆಂದರೆ, ಮುಂದಿನ ಸಲ ಬೈಯುವ ಮುಂಚೆ ಒಂದು ಕೆಲಸ ಮಾಡಿ. ಮಾರಾಟವಾಗದೆ ಉಳಿದ ಪುಸ್ತಕಕ್ಕೆ ರದ್ದಿ ಅಂಗಡಿಯಲ್ಲಿ ಕೆಜಿಗೆ ಎಷ್ಟು ಕೊಡುತ್ತಾರೆ, ಪಕ್ಕದ ಅಂಗಡಿಯಲ್ಲಿ ಬೂಸಾ ಕೆಜಿಗೆ ಎಷ್ಟು, ಎರಡನ್ನೂ ಕೇಳಿ ಬನ್ನಿ. ನಿಮ್ಮ ಬೈಗುಳ ನಿಜವಾಗಲಿ ಎಂದು ಪ್ರಕಾಶಕರು ದೇವರಿಗೆ ಹರಕೆ ಹೊತ್ತಾರು.

ಇತಿ,
ಡೈರಿಗೆ ಹಾಲು ಹಾಕುವವನು