ಹಲ್ಲಿ ತತ್ತಿಯ ಬಾಣಂತನ

ಭೀಮಾ ದಂಡೆಯ ನಮ್ಮ ಅಗರಖೇಡದಲ್ಲಿ ಕೋಳಿಯನ್ನು ಕಾವಿಗೆ ಕೂಡಿಸುವುದನ್ನು ಅವ್ವನಿಂದ ಕಲಿತಿದ್ದೆ. ಆ ಧೈರ್ಯದ ಮೇಲೆ, ಕ್ಯಾಲೆಂಡರಿನ ಹಿಂದೆ ಸಿಕ್ಕ ಎರಡು ಹಲ್ಲಿ ತತ್ತಿಗಳನ್ನು ಡಬ್ಬಿಯಲ್ಲಿಟ್ಟು ದಿನಾ ಹೊರಳಿಸಿದೆ. ಕೋಳಿಯದು 21 ದಿನದ ಲೆಕ್ಕ. ಇವು ಎರಡು ತಿಂಗಳಾದರೂ ಗಪ್‌ಚುಪ್.

ತಪ್ಪು ನನ್ನದೇ. ಕೋಳಿ ತತ್ತಿಯನ್ನು ಹೊರಳಿಸಲೇಬೇಕು, ಹಲ್ಲಿಯದನ್ನು ಹೊರಳಿಸಿದರೆ ಒಳಗಿನ ಭ್ರೂಣ ಸಾಯಬಹುದು. ಮೇಲಾಗಿ ಡಬ್ಬಿ ಇಟ್ಟದ್ದು ತಗಡಿನ ಚಾವಣಿಯ ಕೆಳಗೆ, ಏಪ್ರಿಲ್ ಧಗೆಯಲ್ಲಿ! ಶೋಕಿಗೆ ಸಾಕುವ ಚಿರತೆ ಹಲ್ಲಿಯಲ್ಲಂತೂ ಮರಿ ಗಂಡೋ ಹೆಣ್ಣೋ ಎಂಬುದನ್ನೂ ತತ್ತಿಗೆ ತಾಗುವ ಬಿಸಿಯೇ ನಿರ್ಧರಿಸುತ್ತದೆ: 26 ಡಿಗ್ರಿಗೆ ಬಹುಪಾಲು ಹೆಣ್ಣು, 32ರ ಆಸುಪಾಸು ಗಂಡೇ ಹೆಚ್ಚು. ಅಲ್ಲಿ ಥರ್ಮಾಮೀಟರೇ ಜ್ಯೋತಿಷಿ.

"ಅದರವ್ವ ಇಟ್ಟಲ್ಲೇ ಬಿಡೂದು ಬಿಟ್ಟು ನಿನಗ್ಯಾಕ್ ಬೇಕಿತ್ತೋ ಈ ಬಾಣಂತನ?" ಎಂದಳು ಅವ್ವ.

ಮೊನ್ನೆ ಸ್ವಿಚ್‌ಬೋರ್ಡಿನ ಹಿಂದಿನಿಂದ ಎರಡು ಮರಿ ಹೊರಬಂದವು. ಅಲ್ಲಿದ್ದ ತತ್ತಿಗಳನ್ನು ಯಾರೂ ಮುಟ್ಟಿರಲಿಲ್ಲ.