ಭಾವನ ಬ್ರಾಹ್ಮೀ ಮುಹೂರ್ತ

ಹಾಲಿನವನು, ಪೇಪರಿನವನು, ಸೊಪ್ಪಿನವಳು ಮೂವರೂ ಬಂದುಹೋದ ಮೇಲೆಯೇ ನಮ್ಮ ಭಾವನಿಗೆ ಬೆಳಗಾಗುವುದು. ಎಂಟೂವರೆಗೆ ಮುಂಚೆ ಫೋನ್ ಬಂದರೆ ಹಲೋ ಕೂಡ ಅನ್ನದೆ, "ಯಾರು ಹೋದ್ರು?" ಎಂದೇ ಕೇಳುತ್ತಾನೆ.

ಸೋಮಾರಿ ಅಂದುಬಿಡಬೇಡಿ, ವಾದಕ್ಕೆ ನಿಲ್ಲುತ್ತಾನೆ. ಬ್ರಾಹ್ಮೀ ಮುಹೂರ್ತ ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಇರುತ್ತದೆ ಎಂಬ ಲೆಕ್ಕ ಅವನಿಗೆ ಬಾಯಿಪಾಠ. "ಜನವರೀಲಿ ಬೆಂಗಳೂರಿನ ಸೂರ್ಯನೇ ಆರೂಮುಕ್ಕಾಲಿಗೆ ಏಳ್ತಾನೆ. ಅವನಿಗಿಲ್ಲದ ಅರ್ಜೆಂಟು ನನಗ್ಯಾಕೆ?" ಮೇ ಕೊನೆಯಲ್ಲಿ ಅದೇ ಸೂರ್ಯ ಆರಕ್ಕೆ ಮೊದಲೇ ಹಾಜರಲ್ಲವೇ ಎಂದರೆ, "ಸೆಕೆಗೆ ನಿದ್ದೆ ಬಂದಿರಲ್ಲ, ಪಾಪ."

ಡಾಕ್ಟರು ಹೇಳಿದ್ದಕ್ಕೆ ಕೊಂಡ ವಾಕಿಂಗ್ ಶೂ ಈಗ ಮಗನ ಕ್ರಿಕೆಟ್ಟಿಗೆ. ನರಕಾಸುರ ಸತ್ತು ಯಾವ ಕಾಲವಾಯಿತು ಎಂದು ಚತುರ್ದಶಿಯ ಎಣ್ಣೆಸ್ನಾನ ಹತ್ತು ಗಂಟೆಗೆ ಜಾರಿದೆ. ಬೆಳಗಿನ ರೈಲಿಗೆ ಹೊರಟ ಅತ್ತೆಗೆ ಹಿಂದಿನ ರಾತ್ರಿಯೇ ನಮಸ್ಕಾರ ಮಾಡಿ ಕ್ಯಾಬ್ ಬುಕ್ ಮಾಡಿಕೊಡುತ್ತಾನೆ.

ಇದೇ ಮನುಷ್ಯ ಧನುರ್ಮಾಸದಲ್ಲಿ ಬೇರೆಯೇ ಅವತಾರ. ಆ ತಿಂಗಳು ದೇವಸ್ಥಾನಗಳಲ್ಲಿ ಪೂಜೆ, ನೈವೇದ್ಯ ಎಲ್ಲ ಸೂರ್ಯ ಹುಟ್ಟುವ ಮೊದಲೇ ಮುಗಿಯಬೇಕು. ನೈವೇದ್ಯವೋ ಬಿಸಿಬಿಸಿ ಹುಗ್ಗಿ. ಯಾವ ಗುಡಿಯಲ್ಲಿ ಮೆಣಸು ಮುಂದು, ಎಲ್ಲಿ ತುಪ್ಪಕ್ಕೆ ಕೈ ಬಿಗಿ ಎಂಬುದರಲ್ಲಿ ಅವನ ಮಾತು ನಮಗೆಲ್ಲ ಪ್ರಮಾಣ. ಮಂಕಿ ಕ್ಯಾಪಿನೊಳಗಿಂದ ಎರಡು ಕಣ್ಣು ಮಾತ್ರ ಬಿಟ್ಟುಕೊಂಡು ಮಂಗಳಾರತಿಯ ಗಂಟೆಗೆ ಸರಿಯಾಗಿ ಒಳಗೆ ಬರುತ್ತಾನೆ. ತೀರ್ಥಕ್ಕೆ ಒಂದು ಕೈ ಚಾಚಿದ್ದರೆ ಇನ್ನೊಂದರಲ್ಲಿ ಆಗಲೇ ದೊನ್ನೆ.

ನಂದಿ ಬೆಟ್ಟದ ಪ್ರೋಗ್ರಾಂ ಇದ್ದರಂತೂ ಮನೆಯವರ ಪಾಡು ಬೇಡ. 1,478 ಮೀಟರ್ ಎತ್ತರದ ಬೆಟ್ಟವನ್ನು ಅವನು ರಾತ್ರಿ ಮೂರಕ್ಕೇ ಮನೆಯೊಳಗೆ ಹತ್ತಲು ಶುರುಮಾಡುತ್ತಾನೆ: ಫ್ಲಾಸ್ಕ್ ತುಂಬಿಸಿ, ಶೂ ಹಾಕಿಕೊಂಡೇ ಸೋಫಾದಲ್ಲಿ ಕೂತು, ಎಲ್ಲರಿಗೂ ಫೋನ್. "ಇನ್ನೂ ಮಲಗಿದ್ದೀರಾ? ನಮ್ಮ ದೇಶ ಹಾಳಾಗಿದ್ದೇ ಇದರಿಂದ." ಬೆಳಗಿನ ಗಾಳಿ, ಶಿಸ್ತು, ನಮ್ಮ ಹಿರಿಯರು ಎಂದು ದೇವನಹಳ್ಳಿವರೆಗೂ ಉಪದೇಶ. ನಿತ್ಯ ಬೇಗ ಏಳುವವರಲ್ಲೂ ಇಷ್ಟು ಕೊಬ್ಬು ನಾನು ಕಂಡಿಲ್ಲ. ಕಳೆದ ಸಲ ಮೇಲೆ ಹೋದರೆ ಮಂಜೋ ಮಂಜು. ಸೂರ್ಯನ ಮಾತಿರಲಿ, ಪಕ್ಕದಲ್ಲಿದ್ದ ಭಾವನೇ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ ಕೇಳುತ್ತಿತ್ತು: "ಇಳಿಯೋಣ್ವಾ? ಕೆಳಗೆ ಇಡ್ಲಿ ಖಾಲಿ ಆಗುತ್ತೆ."

ಹೊಟ್ಟೆಯೊಂದೇ ಕಾರಣ ಎಂದರೆ ಅನ್ಯಾಯವಾದೀತು. ನಾಗರಹೊಳೆಯ ಬೆಳಗಿನ ಸಫಾರಿಗೆ ಬರೀ ಹೊಟ್ಟೆಯಲ್ಲೇ ಜೀಪು ಹತ್ತಿ, ಹುಲಿಯ ಬದಲು ಹೆಜ್ಜೆಗುರುತು ನೋಡಿ, ಗೊಣಗದೆ ವಾಪಸಾದವನು ಅವನು. ತನ್ನ ನಿದ್ದೆಗೊಂದು ಬೆಲೆ ಕಟ್ಟಿದ್ದಾನೆ, ಆ ಬೆಲೆ ಕೊಟ್ಟವರಿಗೆ ಏಳುತ್ತಾನೆ.

ಅಕ್ಕ ಈ ವ್ಯಾಪಾರ ಕಲಿತದ್ದು ತಡವಾಗಿ. ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬೆಳಗ್ಗೆಯೇ ರಕ್ತ ಕೊಡಬೇಕೆಂದು ವರ್ಷವಿಡೀ ಬೇಡಿದಳು, ಮಿಸುಕಲಿಲ್ಲ. ಒಂದು ದಿನ ಸುಮ್ಮನೆ, "ಮೊದಲ ಸಲ ರಕ್ತ ಕೊಟ್ಟಮೇಲೆ ತಿಂಡಿ ತಿನ್ನಲೇಬೇಕಂತೆ, ಎರಡು ಗಂಟೆ ಬಿಟ್ಟು ಇನ್ನೊಂದು ಸಲ ತಗೋತಾರಂತೆ. ಲ್ಯಾಬು ಗಾಂಧಿ ಬಜಾರಿನ ಹತ್ತಿರ," ಎಂದಳು. ಮಸಾಲೆ ದೋಸೆಯ ವಿದ್ಯಾರ್ಥಿ ಭವನ ಇರುವುದು ಅದೇ ಗಾಂಧಿ ಬಜಾರಿನಲ್ಲಿ, 1943ರಿಂದ. "ಶುಕ್ರವಾರ ಬೇಡ, ಅವರಿಗೆ ರಜೆ," ಎಂದ ಭಾವ. ಯಾರಿಗೆ ಎಂದು ಅಕ್ಕ ಕೇಳಲಿಲ್ಲ.

ಶನಿವಾರ ಲ್ಯಾಬಿನ ಶಟರ್ ಎತ್ತುವಾಗ ಬಾಗಿಲಲ್ಲಿ ಇವನೇ ಮೊದಲಿಗ. ಎರಡು ಮಸಾಲೆ, ಒಂದು ಖಾರಾಬಾತ್, ಕಾಫಿ, ವೈದ್ಯಕೀಯ ಕಾರಣಕ್ಕೆ.

ರಿಪೋರ್ಟನ್ನು ಅಕ್ಕ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಅದರಲ್ಲಿ ಏನೋ ತಪ್ಪಾಗಿದೆ, ಇನ್ನೊಮ್ಮೆ ಮಾಡಿಸಲೇಬೇಕು ಎನ್ನುವುದು ಭಾವನ ಹಟ. ಈ ಸಲ ಮಲ್ಲೇಶ್ವರದ ಕಡೆ ಯಾವುದಾದರೂ ಲ್ಯಾಬಿನಲ್ಲಿ.